ಮಳಿಗೆಯ ಮೇಲೊಂದು ಬಾಡಿಗೆ ಮನೆ: ತುಮಕೂರು ಪೇಟೆಯ ಹಳೇ ಕಟ್ಟಡಗಳ ಮರುಬಳಕೆ ಅಧ್ಯಯನ ಹೇಗಿದೆ?

ಮಂಡಿಪೇಟೆ, ಚಿಕ್ಕಪೇಟೆ, ಹೊರಪೇಟೆ ಕಡೆ ಹಳೇ ಕಟ್ಟಡಗಳ ಕೆಳಗೆ ವ್ಯಾಪಾರ ಜೋರಾಗಿರುತ್ತದೆ. ಮಹಡಿಯಲ್ಲಿ ಖಾಲಿ ಚೀಲ, ಮುರಿದ ರ‍್ಯಾಕು ತುಂಬಿರುತ್ತವೆ. ಆ ಮಹಡಿಯನ್ನು ವಾಸದ ಮನೆ ಮಾಡಬಹುದೇ, ಏನೇನು ಬದಲಾಗಬೇಕು, ಎಷ್ಟು ಖರ್ಚಾದೀತು ಎಂದು ನೋಡಿ ವರದಿ ಕೊಡುವ ಕೆಲಸವನ್ನು ವಾಸ್ತುಶಿಲ್ಪಿಗಳೂ ಸ್ಟ್ರಕ್ಚರಲ್ ಎಂಜಿನಿಯರ್‌ಗಳೂ ಮಾಡಿಕೊಡುತ್ತಾರೆ. ಪೇಟೆಯ ನಡುವೆ ಮತ್ತೆ ಜನ ವಾಸಿಸಬೇಕೆಂದರೆ ಈ ವರದಿಯಿಂದಲೇ ಶುರುವಾಗಬೇಕು. ಸೇವೆಗೆ ಒಟ್ಟಾರೆ ಐದಕ್ಕೆ ಮೂರು ಅಂಕ. ಅಳತೆ ಚೆನ್ನಾಗಿರುತ್ತದೆ, ಗಟ್ಟಿತನದ ಪರೀಕ್ಷೆ ಅರೆಬರೆ, ಹಣದ ಲೆಕ್ಕ ಬಹಳ ತೆಳು.

ಅಳತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲೇಸರ್ ಮೀಟರ್ ಹಿಡಿದು ಬಂದವರು ಕೋಣೆಯ ಕರ್ಣಗಳನ್ನೂ ಅಳೆಯಬೇಕು, ಏಕೆಂದರೆ ಹಳೇ ಗೋಡೆಗಳು ಮೂಲೆಮಟ್ಟಕ್ಕಿರುವುದು ಅಪರೂಪ. ಪಕ್ಕದವರ ಜೊತೆ ಹಂಚಿಕೊಂಡ ಗೋಡೆ ಯಾವುದು ಎಂದು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಿರಬೇಕು.

ಎಡವಟ್ಟು ಶುರುವಾಗುವುದು ಪರೀಕ್ಷೆಯಲ್ಲಿ. ಎಷ್ಟೋ ವರದಿಗಳಿಗೆ ರಿಬೌಂಡ್ ಹ್ಯಾಮರ್, ಅಂದರೆ ಮೇಲ್ಮೈಗೆ ಬಡಿದು ಪುಟಿತದಿಂದ ಗಟ್ಟಿತನ ಅಂದಾಜಿಸುವ ಉಪಕರಣದ ಓದಿನ ಪಟ್ಟಿ ಅಂಟಿಸಿರುತ್ತಾರೆ. ಆ ಉಪಕರಣ ಇರುವುದು ಕಾಂಕ್ರೀಟಿಗೆ. ಕಲ್ಲು ಮತ್ತು ಸುಣ್ಣದ ಗಾರೆಯ ಗೋಡೆಗೆ, ಮರದ ಜಂತೆಯ ಮೇಲೆ ಇಟ್ಟಿಗೆ ನಿಲ್ಲಿಸಿ ಕಟ್ಟಿದ ಮದ್ರಾಸ್ ತಾರಸಿಗೆ ಅದರ ಓದು ಏನನ್ನೂ ಹೇಳುವುದಿಲ್ಲ. ಅಲ್ಲಿ ನೋಡಬೇಕಾದದ್ದು ಜಂತೆಯ ತುದಿ. ಗೋಡೆಯೊಳಗೆ ಹುದುಗಿದ ಆ ತುದಿಗೆ ತೇವ ಸಿಗುತ್ತದೆ, ಗಾಳಿ ಸಿಗುವುದಿಲ್ಲ. ಹಾಗಾಗಿ ಜಂತೆಯ ನಡುಭಾಗ ಕಬ್ಬಿಣದಂತಿದ್ದರೂ ತುದಿ ಪುಡಿಯಾಗಿರಬಹುದು. ಮಳೆನೀರಿನ ಪೈಪ್ ಇಳಿಯುವ ಕಡೆ, ಪ್ಯಾರಾಪೆಟ್ ಕೆಳಗೆ ಗಾರೆ ಬಿಡಿಸಿ ಉಳಿಯಿಂದ ಚುಚ್ಚಿ ನೋಡಲೇಬೇಕು. ಆಮೇಲೆ ಸೇರಿಸಿದ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಭಾಗವಿದ್ದರೆ ಆಗಷ್ಟೇ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಎಂಬ ಬಣ್ಣಸೂಚಕ ದ್ರಾವಣ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನ ಕ್ಷಾರ ಉಳಿದಿದೆ. ಕಂಬಿಯವರೆಗೂ ಬಣ್ಣ ಬರದಿದ್ದರೆ ಕಂಬಿಗೆ ತುಕ್ಕಿನಿಂದ ರಕ್ಷಣೆ ಹೋಗಿದೆ ಎಂದರ್ಥ. ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ ಬಳಿಯಿರಿ ಎಂದು ಬರೆದ ವರದಿಯನ್ನು ಒಪ್ಪಬೇಡಿ. ತೇವ ಒಳಗೇ ಸಿಕ್ಕಿಕೊಂಡು ಉಪ್ಪು ಉಕ್ಕಿ ಗಾರೆ ಹಾಳೆಹಾಳೆಯಾಗಿ ಬೀಳುತ್ತದೆ.

ಭಾರದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಹಳ ವರದಿಗಳು ದಾಟಿಸಿಬಿಡುತ್ತವೆ. ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಗೆ ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ದಾಸ್ತಾನಿಗೆ ಹಿಡಿಯುವುದು ಇದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಗೋದಾಮು ಮನೆಯಾದರೆ ಭಾರ ಇಳಿಯಿತು ಎಂದು ಬರೆದು ಮುಗಿಸುತ್ತಾರೆ. ಬಚ್ಚಲುಮನೆ ಮರೆತೇ ಹೋಗುತ್ತದೆ. ನಾಲ್ಕೂವರೆ ಅಡಿಗೆ ಏಳಡಿ ಬಚ್ಚಲನ್ನು ಒಂದಡಿ ತಗ್ಗಿಸಿ ಇಟ್ಟಿಗೆ ಚೂರಿನ ಕಾಂಕ್ರೀಟ್ ತುಂಬಿದರೆ ಆ ತುಂಬುವಿಕೆಯೇ ಒಂದೂವರೆ ಟನ್ನಿನ ಮೇಲಾಗುತ್ತದೆ, ಚದರ ಮೀಟರಿಗೆ 500 ಕಿಲೋ ದಾಟುತ್ತದೆ. ಅದು ಯಾವಾಗಲೂ ಕೂತಿರುವ ಭಾರ. ಜೊತೆಗೆ ಸೋರುವ ನೀರು. ಹಳೇ ಜಂತೆಯ ಮೇಲೆ ಇದನ್ನು ಹೇರಲೇಬಾರದು. ಹಿಂಭಾಗದಲ್ಲಿ ಸ್ವಂತ ಪಾಯದ ಮೇಲೆ ನಿಲ್ಲುವ ಸಣ್ಣ ಆರ್‌ಸಿಸಿ ಅಂಕಣ ಎಬ್ಬಿಸಿ, ಬಚ್ಚಲು, ಶೌಚಾಲಯ, ಅಡುಗೆಮನೆಯ ಸಿಂಕ್ ಎಲ್ಲವನ್ನೂ ಅದಕ್ಕೇ ಸೇರಿಸುವುದು ಸರಿಯಾದ ದಾರಿ. ಪೈಪುಗಳೂ ಹೊರಗೋಡೆಯಲ್ಲೇ ಇಳಿಯುತ್ತವೆ, ರಿಪೇರಿ ಸುಲಭ.

ಬೆಳಕು ಇನ್ನೊಂದು ದೊಡ್ಡ ವಿಷಯ. ಉದಾಹರಣೆಗೆ 20 ಅಡಿ ಅಗಲ, 60 ಅಡಿ ಉದ್ದದ ಕಟ್ಟಡ ತೆಗೆದುಕೊಳ್ಳಿ. ಎರಡೂ ಪಕ್ಕ ಪಾಲುಗೋಡೆ, ಕಿಟಕಿ ಹಿಂದೆ ಮುಂದೆ ಮಾತ್ರ. ರಾಷ್ಟ್ರೀಯ ಕಟ್ಟಡ ಸಂಹಿತೆ ಕಿಟಕಿಯಿಂದ 7.5 ಮೀಟರ್‌ಗಿಂತ ಒಳಗಿನ ಜಾಗವನ್ನು ಬೆಳಕಿರುವ ಜಾಗ ಎಂದು ಒಪ್ಪುವುದಿಲ್ಲ. 60 ಅಡಿ ಅಂದರೆ 18.3 ಮೀಟರ್. ಎರಡೂ ಕಡೆಯಿಂದ 7.5 ಕಳೆದರೆ ನಡುವೆ 3.3 ಮೀಟರ್, ಹತ್ತಿರ ಹತ್ತಿರ 11 ಅಡಿ ಕತ್ತಲು. ಹಿಂದಿನವರು ಅಲ್ಲೇ ತೊಟ್ಟಿ, ಅಂದರೆ ಆಕಾಶಕ್ಕೆ ತೆರೆದ ಒಳಅಂಗಳ ಬಿಟ್ಟಿರುತ್ತಿದ್ದರು. ಆಮೇಲೆ ಬಂದವರು ಶೀಟು ಹೊದಿಸಿರುತ್ತಾರೆ. ಆ ಶೀಟು ತೆಗೆಯಿರಿ ಎಂದು ಹೇಳುವ ವರದಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮೆಟ್ಟಿಲಿಗೂ ಅದೇ ಜಾಗ ಒದಗುತ್ತದೆ: 12 ಅಡಿ ಎತ್ತರಕ್ಕೆ 190 ಮಿಲಿಮೀಟರ್ ಒಳಗಿನ ಏರಿನಲ್ಲಿ (ಒಂದೊಂದು ಮೆಟ್ಟಿಲಿನ ಎತ್ತರ) 20 ಏರು ಬೇಕು, 250 ಮಿಲಿಮೀಟರ್ ತುಳಿತ (ಕಾಲಿಡುವ ಅಗಲ) ಹಿಡಿದು, ನಡುವೆ ತಿರುಗುಜಾಗ ಕೊಟ್ಟರೆ ಸುಮಾರು ಮೂರೂಕಾಲು ಮೀಟರ್ ಉದ್ದ, ಎರಡು ಮೀಟರ್ ಅಗಲದಲ್ಲಿ ಕೂರುತ್ತದೆ. ಆದರೆ ಬೀದಿಯಿಂದ ಅಲ್ಲಿಗೆ ಹೋಗಲು ಮಳಿಗೆಯ ಪಕ್ಕ ಒಂದು ಮೀಟರ್ ಓಣಿ ಬಿಟ್ಟುಕೊಡಬೇಕು. ಮಳಿಗೆಯೊಳಗಿಂದ ಹತ್ತುವ ಮೆಟ್ಟಿಲು ಬೇಡವೇ ಬೇಡ. ಕೆಳಗೆ ಗೋಣಿಚೀಲಕ್ಕೋ ಬಣ್ಣದ ಡಬ್ಬಕ್ಕೋ ಬೆಂಕಿ ಬಿದ್ದರೆ ಮೇಲಿನವರಿಗೆ ಬೇರೆ ದಾರಿ ಇರುವುದಿಲ್ಲ.

ನೀರಿಗೆ ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರ ಎರಡು ಮನೆಗೆ 1,080 ಲೀಟರ್. ಬುಗುಡನಹಳ್ಳಿಯಿಂದ ಬರುವ ಹೇಮಾವತಿ ನೀರು ದಿನಾ ಬಂದೀತು ಎಂದು ನಂಬದೆ, ಮೂರು ದಿನಕ್ಕಾಗುವ 3,300 ಲೀಟರಿನ ಸಂಪು ಬರೆಸಿಕೊಳ್ಳಿ. ಮೇಲಿನ ಟ್ಯಾಂಕು ಸಾವಿರ ಲೀಟರಿಗೆ ಒಂದು ಟನ್. ಅದು ಗೋಡೆಗಳು ಕೂಡುವ ಮೂಲೆಯ ಮೇಲೆ ಕೂರಬೇಕು, ತಾರಸಿಯ ನಡುವೆ ಅಲ್ಲ.

ಹಣದ ಲೆಕ್ಕ ಈ ಸೇವೆಯ ದೊಡ್ಡ ಕೊರತೆ. ಲಾಸ್ ಏಂಜಲೀಸ್ 1999ರಲ್ಲಿ ನಗರದ ನಡುವಿನ ಹಳೇ ಕಟ್ಟಡಗಳನ್ನು ಮನೆ ಮಾಡುವವರಿಗೆ ಪಾರ್ಕಿಂಗ್‌ನಂಥ ನಿಯಮ ಸಡಿಲಿಸಿತು. ಕೆನಡಾದ ಕ್ಯಾಲ್ಗರಿ 2021ರಿಂದ ಖಾಲಿ ಕಚೇರಿಗಳ ಪರಿವರ್ತನೆಗೆ ಚದರ ಅಡಿಗೆ 75 ಡಾಲರ್ ಕೊಟ್ಟಿತು. ಖರ್ಚಿಗೂ ಬಾಡಿಗೆಗೂ ನಡುವಿನ ಅಂತರ ಎಷ್ಟು, ಅದನ್ನು ಯಾರು ತುಂಬಬೇಕು ಎಂಬ ಪ್ರಶ್ನೆಗೆ ಉತ್ತರಗಳಿವು. ನಮ್ಮಲ್ಲಿಯ ವರದಿಗಳು ಅಂದಾಜುಪಟ್ಟಿಯಲ್ಲೇ ನಿಲ್ಲುತ್ತವೆ. ಹತ್ತು ಲಕ್ಷ ಸಾಲ ಶೇಕಡ 10 ಬಡ್ಡಿಗೆ, 15 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 10,750 ರೂಪಾಯಿ. ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದರೆ ಉಳಿದ ಹನ್ನೊಂದು ತಿಂಗಳೂ 11,700ರ ಮೇಲೆ ಬಾಡಿಗೆ ಬರಬೇಕು. ಕಂದಾಯ, ರಿಪೇರಿ, ಓಣಿಗೆ ಬಿಟ್ಟ ಜಾಗದಿಂದ ತಗ್ಗುವ ಮಳಿಗೆ ಬಾಡಿಗೆ ಇನ್ನೂ ಸೇರಿಲ್ಲ. ಈ ಒಂದು ಪುಟ ಇಲ್ಲದ ವರದಿಯನ್ನು ವಾಪಸ್ ಕಳಿಸಿ.

ಕಾಗದಪತ್ರವನ್ನು ಅಳತೆಗೂ ಮೊದಲೇ ನೋಡಿಸಬೇಕು. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದು ಪಾಲಾಗದಿದ್ದರೆ ಸಾಲ ಸಿಗುವುದು ಕಷ್ಟ, ನಕ್ಷೆಗೆ ಕೊಟ್ಟ ಶುಲ್ಕ ದಂಡ. ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಮಹಾಯೋಜನೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ, ಅಲ್ಲಿ ವಾಸಕ್ಕೆ ಅವಕಾಶವಿದೆಯೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ.

ಅಕ್ಕಪಕ್ಕದ ಮೂರ್ನಾಲ್ಕು ಮಾಲೀಕರು ಸೇರಿ ಒಂದೇ ಅಧ್ಯಯನ ಮಾಡಿಸುವುದು ಎಲ್ಲಕ್ಕಿಂತ ಲಾಭ. ಪಾಲುಗೋಡೆಯ ಎರಡೂ ಬದಿಯವರಿಗೆ ಒಂದೇ ಮೆಟ್ಟಿಲು ಸಾಕು, ಒಂದೇ ಓಣಿ ಸಾಕು, ಎರಡು ತೊಟ್ಟಿ ಒಂದಾದರೆ ಬೆಳಕು ಹೆಚ್ಚು, ಹಿತ್ತಲಿನಲ್ಲಿ ಒಳಚರಂಡಿಯ ಕೊಳವೆಯೂ ಒಂದೇ. ಹೀಗೆ ಮಾಡುವಾಗ ಮೆಟ್ಟಿಲು, ಓಣಿಯ ಹಕ್ಕನ್ನು ನೋಂದಾಯಿತ ಪತ್ರದಲ್ಲಿ ಬರೆಸಿಕೊಳ್ಳಬೇಕು.

ಶುಲ್ಕವನ್ನು ಮೂರು ಕಂತು ಮಾಡಿ: ಕಾಗದಪತ್ರ ನೋಡಿದ ಮೇಲೆ ಒಂದು, ಜಂತೆಯ ತುದಿ ಬಿಡಿಸಿದ ಜಾಗಗಳ ಫೋಟೋ ಕೈಗೆ ಬಂದ ಮೇಲೆ ಇನ್ನೊಂದು, ಬಾಡಿಗೆ ಮತ್ತು ಕಂತಿನ ಲೆಕ್ಕದ ಪುಟಕ್ಕೆ ಕೊನೆಯದು.