ರಾಕ್ ಸಂಗೀತಕ್ಕೂ ಪ್ರಯಾಣಕ್ಕೂ ಒಂದೇ ಹೆಡ್‌ಫೋನ್: ಎಟಿಎಚ್-ಎಂ50ಎಕ್ಸ್‌ನ ದೀರ್ಘಕಾಲದ ಬಳಕೆಯ ನಂತರ

ಆಡಿಯೊ-ಟೆಕ್ನಿಕಾ ಕಂಪನಿಯ ಎಟಿಎಚ್-ಎಂ50ಎಕ್ಸ್ ಹೆಡ್‌ಫೋನನ್ನು ನಾನು ಹಲವು ವರ್ಷಗಳಿಂದ ಮನೆಯಲ್ಲೂ, ಬಸ್ಸು, ರೈಲು, ವಿಮಾನಗಳಲ್ಲೂ ಬಳಸುತ್ತಾ ಬಂದಿದ್ದೇನೆ. ಕೇಳುವುದು ಹೆಚ್ಚಾಗಿ ರಾಕ್, ಅದರಲ್ಲೂ ಎರಡು ಗಿಟಾರು, ಒಂದು ಬಾಸ್, ಒಂದು ಡ್ರಮ್ ಸೆಟ್ಟು, ಒಬ್ಬ ಗಾಯಕ ಇರುವ ತಂಡಗಳ ಸಂಗೀತ. ಈ ಅವಧಿಯಲ್ಲಿ ಕಿವಿಯನ್ನು ಪೂರ್ತಿ ಸುತ್ತುವರಿಯುವ, ಹಿಂಬದಿ ಮುಚ್ಚಿರುವ ಇತರ ಮಾದರಿಗಳನ್ನೂ, ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಗದ್ದಲವನ್ನು ಕುಗ್ಗಿಸುವ ತಂತ್ರ) ಇರುವ ವೈರ್‌ಲೆಸ್ ಹೆಡ್‌ಫೋನ್‌ಗಳನ್ನೂ ಇದರ ಪಕ್ಕದಲ್ಲಿಟ್ಟು ಅದೇ ಹಾಡುಗಳನ್ನು ಕೇಳಿ ನೋಡಿದ್ದೇನೆ. ಇಷ್ಟರಿಂದ ನನಗೆ ಖಚಿತವಾಗಿರುವ ಮಾತು ಒಂದೇ: ರಾಕ್ ಮತ್ತು ಪ್ರಯಾಣ ಎರಡಕ್ಕೂ ಸೇರಿ ಹೆಡ್‌ಫೋನ್ ಕೊಳ್ಳುವವರು ಡ್ರೈವರಿನ (ಒಳಗೆ ದನಿ ಹೊರಡಿಸುವ ಭಾಗದ) ಗಾತ್ರ, ಕಂಪನಾಂಕದ ವ್ಯಾಪ್ತಿ ಮುಂತಾದ ಅಂಕಿಗಳನ್ನು ನೋಡುವ ಮೊದಲು, ಅದರ ಪ್ಯಾಡು, ಅಂದರೆ ಕಿವಿಯ ಸುತ್ತ ಕೂರುವ ಮೆತ್ತೆ, ತಮ್ಮ ತಲೆಗೆ ಸಂದಿಲ್ಲದೆ ಕೂರುತ್ತದೆಯೇ ಎಂಬುದನ್ನು ನೋಡಬೇಕು.

ಇದಕ್ಕೆ ಕಾರಣ ರಾಕ್ ಸಂಗೀತದ ರಚನೆಯಲ್ಲೇ ಇದೆ. ಸಾಮಾನ್ಯ ಶ್ರುತಿಯಲ್ಲಿರುವ ಬಾಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಕಂಪನಾಂಕ ಸುಮಾರು 41 ಹರ್ಟ್ಜ್. ಎಲೆಕ್ಟ್ರಿಕ್ ಗಿಟಾರಿನ ಕೆಳಗಿನ ತಂತಿಯದು ಸುಮಾರು 82 ಹರ್ಟ್ಜ್. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ, ಅಂದರೆ ಕಿಕ್ ಡ್ರಮ್ಮಿನ ಬಲವೆಲ್ಲ ಹೆಚ್ಚುಕಡಿಮೆ 50ರಿಂದ 100 ಹರ್ಟ್ಜ್‌ಗಳ ನಡುವೆ ಇರುತ್ತದೆ. ಎಂಜಿನ್ನಿನ ಗುಡುಗುಡು, ಚಕ್ರಗಳ ಸದ್ದು, ವಿಮಾನದ ಒಳಗಿನ ನಿರಂತರ ಮೊರೆತ ಇವೆಲ್ಲ ತುಂಬಿಕೊಳ್ಳುವುದೂ ಬಹುಮಟ್ಟಿಗೆ ಇದೇ ಕೆಳಗಿನ ಸ್ಥಾಯಿಯನ್ನು. ಅಷ್ಟೇ ಅಲ್ಲ, ಕೆಳಸ್ಥಾಯಿಯ ಜೋರು ಶಬ್ದಕ್ಕೆ ತನಗಿಂತ ಮೇಲಿನ ಸ್ಥಾಯಿಯ ಮೆಲುದನಿಗಳನ್ನೂ ಮುಚ್ಚಿಹಾಕುವ ಗುಣವಿದೆ. ನಮ್ಮ ಕಿವಿಯ ಒಳರಚನೆಯೇ ಹಾಗಿದೆ. ಆದ್ದರಿಂದ ವಾಹನ ಹೊರಟ ಕೂಡಲೇ ಮೊದಲು ಕಾಣೆಯಾಗುವುದು ಬಾಸ್ ಗಿಟಾರು, ಅದರ ಹಿಂದೆಯೇ ಕಿಕ್ ಡ್ರಮ್ಮು. ಅವನ್ನು ಮರಳಿ ಪಡೆಯಲು ಕೇಳುಗ ವಾಲ್ಯೂಮ್ ಏರಿಸುತ್ತಾನೆ. ಆಗ 2ರಿಂದ 5 ಕಿಲೋಹರ್ಟ್ಜ್‌ಗಳ ನಡುವೆ, ಅಂದರೆ ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವ ಜಾಗದಲ್ಲಿ, ಡಿಸ್ಟಾರ್ಶನ್ ಹಾಕಿದ ಗಿಟಾರಿನ ಕರಕರ ಸದ್ದೂ ಸ್ನೇರ್ ಡ್ರಮ್ಮಿನ ಪೆಟ್ಟೂ ಕಿವಿಗೆ ಚುಚ್ಚತೊಡಗುತ್ತವೆ. ಬಾಸ್ ಮಾತ್ರ ಅಷ್ಟಾದರೂ ಪೂರ್ತಿ ಮರಳುವುದಿಲ್ಲ. ಪ್ರಯಾಣದಲ್ಲಿ ರಾಕ್ ಕೇಳಿದರೆ ತಲೆನೋವು ಬರುತ್ತದೆ ಎಂದು ದೂರುವವರಲ್ಲಿ ಬಹಳ ಮಂದಿಯ ತೊಂದರೆ ಇದೇ ಇರಬೇಕು ಎಂಬುದು ನನ್ನ ಊಹೆ.

ಮೊದಲು ನಿಶ್ಶಬ್ದವಾದ ಕೋಣೆಯಲ್ಲಿ ಇದು ಹೇಗೆ ಕೇಳಿಸುತ್ತದೆ ಎಂಬುದನ್ನು ಹೇಳುತ್ತೇನೆ. 2014ರಲ್ಲಿ ಬಂದ ಈ ಮಾದರಿಯಲ್ಲಿ 45 ಮಿಲಿಮೀಟರಿನ ಡ್ರೈವರುಗಳಿವೆ. ತೂಕ ಕೇಬಲ್ ಬಿಟ್ಟು 285 ಗ್ರಾಂ. ಸ್ಟುಡಿಯೊ ಕೆಲಸಕ್ಕೆಂದು ಮಾರಿದರೂ ಇದರ ದನಿ ಪೂರ್ತಿ ಸಮತಟ್ಟಾದುದಲ್ಲ. ಕೆಳಸ್ಥಾಯಿ ಸ್ವಲ್ಪ ಮೇಲಕ್ಕೆದ್ದಿದೆ, ಸಿಂಬಲ್‌ಗಳಿರುವ ಮೇಲಿನ ಸ್ಥಾಯಿಯಲ್ಲಿ ತುಸು ಹೊಳಪು ಹೆಚ್ಚಿದೆ, ನಡುವಿನ ಸ್ಥಾಯಿ ಹಿಂದಕ್ಕೆ ಸರಿದಿದ್ದರೂ ಕಳೆದುಹೋಗಿಲ್ಲ. ರಾಕ್‌ಗೆ ಈ ಹದ ಚೆನ್ನಾಗಿ ಒಪ್ಪುತ್ತದೆ. ನಾನು ಯಾವುದೇ ಹೆಡ್‌ಫೋನನ್ನು ಪರೀಕ್ಷಿಸುವಾಗ ಗಮನ ಕೊಡುವುದು ಒಂದು ವಿಷಯಕ್ಕೆ: ಬಾಸ್ ಗಿಟಾರು ಮತ್ತು ಕಿಕ್ ಡ್ರಮ್ಮು ಒಟ್ಟಿಗೆ ಬೀಳುವ ತಾಳದಲ್ಲಿ ಅವೆರಡೂ ಬೇರೆಬೇರೆಯಾಗಿ ಕೇಳಿಸುತ್ತವೆಯೇ ಅಥವಾ ಒಂದೇ ಮುದ್ದೆಯಾಗುತ್ತವೆಯೇ? ಎಂ50ಎಕ್ಸ್‌ನಲ್ಲಿ ಕಿಕ್ ಡ್ರಮ್ಮಿನ ಪೆಟ್ಟು ಬಿದ್ದು ನಿಂತ ಮೇಲೂ ಬಾಸ್ ತಂತಿಯ ಸ್ವರ ಮುಂದುವರಿಯುವುದು, ವಾದಕ ಬೆರಳಿಟ್ಟು ಅದನ್ನು ಅಡಗಿಸುವ ಕ್ಷಣ, ಮರುಸ್ವರಕ್ಕೆ ಬೆರಳು ಜಾರುವಾಗಿನ ಸಣ್ಣ ಸರಕ್ಕನೆಯ ಸದ್ದು ಸ್ಪಷ್ಟವಾಗಿ ತಿಳಿಯುತ್ತವೆ. ಎಡಕ್ಕೊಂದು ಬಲಕ್ಕೊಂದು ಹಂಚಿದ ಎರಡು ಗಿಟಾರುಗಳು ಒಂದರ ಮೇಲೊಂದು ಬೀಳದೆ ತಮ್ಮತಮ್ಮ ಬದಿಯಲ್ಲೇ ನಿಲ್ಲುತ್ತವೆ. ವೇದಿಕೆ ವಿಶಾಲವಾಗಿದೆ ಎಂಬ ಅನುಭವ ಮಾತ್ರ ಇದರಲ್ಲಿ ಸಿಗುವುದಿಲ್ಲ. ಅದು ಬೇಕಾದವರು ಹಿಂಬದಿ ತೆರೆದಿರುವ ಹೆಡ್‌ಫೋನ್ ಕೊಳ್ಳಬೇಕು. ಅದನ್ನು ಪ್ರಯಾಣದಲ್ಲಿ ಬಳಸಿದರೆ ಹೊರಗಿನ ಗದ್ದಲವೆಲ್ಲ ಒಳಗೆ ಬರುತ್ತದೆ, ನಮ್ಮ ಹಾಡು ಪಕ್ಕದವರಿಗೆಲ್ಲ ಕೇಳಿಸುತ್ತದೆ.

ಮೇಲಿನ ಸ್ಥಾಯಿಯ ಹೊಳಪಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. 1990ರ ದಶಕದ ನಡುಭಾಗದಿಂದೀಚೆಗೆ ಬಂದ ಹಲವು ರಾಕ್ ಆಲ್ಬಂಗಳನ್ನು, ಮೆಲುದನಿಗೂ ಜೋರುದನಿಗೂ ಇರುವ ಅಂತರವನ್ನು ಹಿಂಡಿ, ಆದಿಯಿಂದ ಅಂತ್ಯದವರೆಗೆ ಒಂದೇ ಸಮನೆ ಜೋರಾಗಿರುವಂತೆ ಸಿದ್ಧಪಡಿಸಲಾಗಿದೆ. ಅಂಥ ಧ್ವನಿಮುದ್ರಣಗಳಲ್ಲಿ ಸಿಂಬಲ್‌ಗಳಿಗೆ ಬಿಡುವೇ ಇರುವುದಿಲ್ಲ, ಮೂರ್ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಕಿವಿ ದಣಿಯುತ್ತದೆ. ನಾನು ಫೋನಿನ ಈಕ್ವಲೈಸರಿನಲ್ಲಿ 10 ಕಿಲೋಹರ್ಟ್ಜ್ ಸುತ್ತಮುತ್ತ ಎರಡು ಮೂರು ಡೆಸಿಬೆಲ್ ಇಳಿಸಿಕೊಳ್ಳುತ್ತೇನೆ; ಅಷ್ಟು ಸಾಕು. 1970ರ ದಶಕದ ಧ್ವನಿಮುದ್ರಣಗಳಿಗೆ ಇದರ ಅಗತ್ಯವೇ ಬೀಳುವುದಿಲ್ಲ.

ಇನ್ನು ಪ್ಯಾಡಿನ ವಿಷಯ. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಕೆಳಸ್ಥಾಯಿ ಸರಿಯಾಗಿ ಕೇಳಬೇಕಾದರೆ ಪ್ಯಾಡು, ಕೆನ್ನೆ, ಕಿವಿ ಮೂರೂ ಸೇರಿ ಗಾಳಿಯಾಡದ ಒಂದು ಸಣ್ಣ ಕೋಣೆಯಾಗಬೇಕು. ಎಲ್ಲಾದರೂ ಸಂದು ಉಳಿದರೆ ಅಲ್ಲಿಂದ ಬಾಸ್ ಹೊರಗೆ ಸೋರುತ್ತದೆ, ಹೊರಗಿನ ಗದ್ದಲ ಒಳಗೆ ನುಗ್ಗುತ್ತದೆ. ಒಂದೇ ಸಂದಿನಿಂದ ನಷ್ಟ ಎರಡು ಕಡೆಯಿಂದ. ಇದನ್ನು ಪತ್ತೆಹಚ್ಚುವುದು ಸುಲಭ. ಬಾಸ್ ಚೆನ್ನಾಗಿರುವ ಹಾಡೊಂದನ್ನು ಹಾಕಿಕೊಂಡು ಎರಡೂ ಅಂಗೈಗಳಿಂದ ಕಪ್ಪುಗಳನ್ನು (ಕಿವಿಯ ಮೇಲೆ ಕೂರುವ ಬಟ್ಟಲಿನಂಥ ಭಾಗಗಳನ್ನು) ಮೆಲ್ಲನೆ ತಲೆಯತ್ತ ಒತ್ತಬೇಕು. ಒತ್ತಿದಾಗಲೂ ಬಿಟ್ಟಾಗಲೂ ದನಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಪ್ಯಾಡು ಸರಿಯಾಗಿ ಕೂತಿದೆ. ಒತ್ತಿದ ಕೂಡಲೇ ಬಾಸ್ ಎದ್ದುಬಂದರೆ ಎಲ್ಲೋ ಸಂದಿದೆ. ಸಾಮಾನ್ಯವಾಗಿ ಅದು ಕಿವಿಯ ಕೆಳಗೆ, ದವಡೆಯ ಮೂಳೆ ತಿರುಗುವ ಕಡೆ ಇರುತ್ತದೆ.

ಕನ್ನಡಕ ಹಾಕುವವರಿಗೆ ಈ ಮಾತು ಇನ್ನೂ ಮುಖ್ಯ. ನನ್ನ ಬಳಿ ಎರಡು ಕನ್ನಡಕಗಳಿವೆ: ಒಂದರ ಕಡ್ಡಿ ತೆಳುವಾದ ಲೋಹದ್ದು, ಇನ್ನೊಂದರದು ಅಗಲವಾದ ಪ್ಲಾಸ್ಟಿಕ್ಕಿನದು. ಲೋಹದ ಕಡ್ಡಿ ಎಂ50ಎಕ್ಸ್‌ನ ಮೆತ್ತನೆಯ ಪ್ಯಾಡಿನೊಳಗೆ ಹುದುಗಿಹೋಗುತ್ತದೆ, ದನಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಗಲದ ಕಡ್ಡಿಯ ಮುಂದೆಯೂ ಹಿಂದೆಯೂ ಬೆರಳಿನಿಂದ ತಡವಿ ನೋಡಿದರೆ ಪ್ಯಾಡು ಚರ್ಮದಿಂದ ಎದ್ದು ನಿಂತಿರುವುದು ತಿಳಿಯುತ್ತದೆ; ಆಗ ಬಾಸ್ ತೆಳುವಾಗಿ, ಇಡೀ ತಂಡ ತೀರ ಸಪ್ಪೆಯಾಗಿ ಕೇಳಿಸುತ್ತದೆ. ಪ್ರಯಾಣಕ್ಕೆ ಹೊರಡುವಾಗ ನಾನು ತೆಳುಕಡ್ಡಿಯ ಕನ್ನಡಕವನ್ನೇ ಹಾಕಿಕೊಳ್ಳುತ್ತೇನೆ. ಕಿವಿಯ ಮುಂದೆ ದಟ್ಟವಾಗಿ ಇಳಿಬಿದ್ದ ಕೂದಲಿದ್ದರೂ ಇದೇ ಪರಿಣಾಮ ಆಗುತ್ತದೆ, ಅದನ್ನು ಹಿಂದಕ್ಕೆ ಸರಿಸಿಕೊಂಡರೆ ಮುಗಿಯಿತು.

ಧರಿಸುವ ಸೌಕರ್ಯದಲ್ಲಿ ಇದು ಉತ್ತಮವೇ ಹೊರತು ಅತ್ಯುತ್ತಮವಲ್ಲ. ಹಿಡಿತ ಬಿಗಿಯಾಗಿದೆ, ವಾಹನ ಕುಲುಕಿದರೂ ಜಾರದಿರುವುದಕ್ಕೂ, ಪ್ಯಾಡು ಸಂದಿಲ್ಲದೆ ಕೂರುವುದಕ್ಕೂ ಆ ಬಿಗಿಯೇ ಕಾರಣ. ಪ್ಯಾಡಿನ ಒಳಜಾಗ ಮಾತ್ರ ಅಷ್ಟು ಆಳವಾಗಿಲ್ಲ, ದೊಡ್ಡ ಕಿವಿಯವರಿಗೆ ತುದಿ ಒಳಗಿನ ಬಟ್ಟೆಗೆ ತಾಗಬಹುದು. ಕೃತಕ ಚರ್ಮದ ಪ್ಯಾಡಾದ್ದರಿಂದ ಸೆಕೆಯಲ್ಲಿ ಕಿವಿಯ ಸುತ್ತ ಬೆವರುತ್ತದೆ. ದೀರ್ಘ ಪ್ರಯಾಣದಲ್ಲಿ ಒಂದು ಆಲ್ಬಂ ಮುಗಿದ ಕೂಡಲೇ ತೆಗೆದು ಕೆಲವು ನಿಮಿಷ ಕಿವಿಗೆ ಗಾಳಿಯಾಡಲು ಬಿಟ್ಟರೆ ಒಳ್ಳೆಯದು.

ಇದೇ ವರ್ಗದಲ್ಲಿ ಹೋಲಿಸಿ ನೋಡಬೇಕಾದ ಮಾದರಿಗಳು ಕೆಲವಿವೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊದ ವೆಲ್ವೆಟ್‌ನಂತಹ ಪ್ಯಾಡುಗಳಷ್ಟು ಹಿತವಾದವು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದರ ಕೆಳಸ್ಥಾಯಿ ಆಳವಾಗಿಯೂ ಇದೆ. ಆದರೆ ಮೇಲಿನ ಸ್ಥಾಯಿ ಎಂ50ಎಕ್ಸ್‌ಗಿಂತ ಹರಿತ, ಗಿಟಾರು ಮತ್ತು ಗಾಯಕನ ದನಿ ಅದಕ್ಕಿಂತ ಹಿಂದೆ; ಮೇಲಾಗಿ ಅದು ಮಡಚುವುದಿಲ್ಲ, ಅದರ 80 ಓಮ್ ಆವೃತ್ತಿಗೆ 3 ಮೀಟರಿನ ಕೇಬಲ್ಲನ್ನು ಕಳಚಲಾಗದಂತೆ ಜೋಡಿಸಲಾಗಿದೆ. ಮನೆಯಲ್ಲಿ ಕೂತು ಕೇಳುವವರಿಗೆ ನಾನು ಅದನ್ನೇ ಹೇಳುತ್ತೇನೆ, ಚೀಲದಲ್ಲಿ ಹೊತ್ತು ತಿರುಗುವವರಿಗೆ ಹೇಳುವುದಿಲ್ಲ. 1991ರಿಂದ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ ಸೋನಿ ಎಂಡಿಆರ್-7506 ಹಗುರ, ಮಡಚಲೂ ಬರುತ್ತದೆ; ಗಾಯಕನ ಒಂದೊಂದು ಉಸಿರನ್ನೂ ತೋರಿಸುತ್ತದೆ. ಅದರ ಸುರುಳಿ ಕೇಬಲ್ ಭಾರವಾದದ್ದು, ನಡೆಯುವಾಗ ಕೆಳಕ್ಕೆ ಎಳೆಯುತ್ತದೆ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಶಬ್ದವನ್ನು 32 ಡೆಸಿಬೆಲ್‌ವರೆಗೆ ತಗ್ಗಿಸುತ್ತದೆ ಎಂದು ಕಂಪನಿ ಹೇಳುತ್ತದೆ. ಇಂಥ ಅಂಕಿಗಳನ್ನು ಓದುವಾಗ ‘ವರೆಗೆ’ ಎಂಬುದನ್ನು ಗಮನಿಸಬೇಕು: ಬ್ಯಾಟರಿಯ ನೆರವಿಲ್ಲದೆ ಬರೀ ಪ್ಯಾಡಿನಿಂದಲೇ ಶಬ್ದ ತಡೆಯುವ ಯಾವುದೇ ಹೆಡ್‌ಫೋನು ಮಾತು, ತಟ್ಟೆಲೋಟಗಳ ಸದ್ದು ಮುಂತಾದ ಮೇಲಿನ ಸ್ಥಾಯಿಯ ಶಬ್ದಗಳನ್ನು ಚೆನ್ನಾಗಿ ತಡೆದರೂ 200 ಹರ್ಟ್ಜ್‌ಗಿಂತ ಕೆಳಗಿನ ಮೊರೆತದ ಮುಂದೆ ಬಹುಮಟ್ಟಿಗೆ ಸೋಲುತ್ತದೆ.

ನಾಯ್ಸ್ ಕ್ಯಾನ್ಸಲಿಂಗ್ ನೆರವಿಗೆ ಬರುವುದು ಸರಿಯಾಗಿ ಇಲ್ಲಿಯೇ. ಬೋಸ್ ಆಡಿಯೊ ಕಂಪನಿಯ ಸ್ಥಾಪಕ ಅಮರ್ ಬೋಸ್ ಅವರು 1978ರಲ್ಲಿ ವಿಮಾನದಲ್ಲಿ ಹೆಡ್‌ಫೋನ್ ಹಾಕಿಕೊಂಡಾಗ ಎಂಜಿನ್ನಿನ ಸದ್ದಿನಲ್ಲಿ ಸಂಗೀತ ಮುಳುಗಿಹೋದದ್ದನ್ನು ಕಂಡು, ಅದೇ ಪ್ರಯಾಣದಲ್ಲಿ ಈ ತಂತ್ರದ ಲೆಕ್ಕಾಚಾರಕ್ಕೆ ಕೂತರು ಎಂಬುದು ಪ್ರಸಿದ್ಧ ಸಂಗತಿ. ಮೈಕ್ರೊಫೋನು ಹೊರಗಿನ ಶಬ್ದವನ್ನು ಗ್ರಹಿಸುತ್ತದೆ, ಒಳಗಿನ ಸರ್ಕ್ಯೂಟು ಅದಕ್ಕೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಹೊರಡಿಸುತ್ತದೆ, ಎರಡೂ ಸೇರಿ ಒಂದನ್ನೊಂದು ಕುಗ್ಗಿಸುತ್ತವೆ. ಒಂದೇ ಸಮನೆ ಬರುವ ಕೆಳಸ್ಥಾಯಿಯ ಶಬ್ದದ ಮೇಲೆ ಇದು ಅದ್ಭುತವಾಗಿ ಕೆಲಸ ಮಾಡುತ್ತದೆ. ಸುಮಾರು 1 ಕಿಲೋಹರ್ಟ್ಜ್ ದಾಟಿದ ಮೇಲೆ ಇದರ ಬಲ ಉಡುಗುತ್ತದೆ, ಅಲ್ಲಿಂದ ಮೇಲೆ ಕೆಲಸ ಮತ್ತೆ ಪ್ಯಾಡಿನದೇ. ಆದ್ದರಿಂದ ನಾಯ್ಸ್ ಕ್ಯಾನ್ಸಲಿಂಗ್ ಇದ್ದರೂ ಪ್ಯಾಡು ಸರಿಯಾಗಿ ಕೂರದಿದ್ದರೆ ಪ್ರಯೋಜನ ಅರ್ಧಕ್ಕೆ ಇಳಿಯುತ್ತದೆ.

ವಿಮಾನದಲ್ಲಿ ಗಂಟೆಗಟ್ಟಲೆ ಕೂರುವವರಿಗೆ ನಾನು ಯಾವ ಹಿಂಜರಿಕೆಯೂ ಇಲ್ಲದೆ ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನೇ ಕೊಳ್ಳಿ ಎನ್ನುತ್ತೇನೆ. ಅದರ ರಾಕ್ ದನಿ ಎಂ50ಎಕ್ಸ್‌ಗಿಂತ ಮೇಲು ಎಂದಲ್ಲ. ನಾನು ಕೇಳಿದವುಗಳಲ್ಲಿ ಹೆಚ್ಚಿನವು ಬಾಸನ್ನು ಉಬ್ಬಿಸುತ್ತವೆ, ಕಿಕ್ ಡ್ರಮ್ಮಿನ ಅಂಚು ಮೊಂಡಾಗುತ್ತದೆ. ನನ್ನ ಸಲಹೆಗೆ ಕಾರಣ ಕಿವಿಯ ಆರೋಗ್ಯ. ವಿಮಾನದೊಳಗಿನ ಶಬ್ದ ಸಾಮಾನ್ಯವಾಗಿ 80 ಡೆಸಿಬೆಲ್‌ನ ಆಸುಪಾಸಿನಲ್ಲಿರುತ್ತದೆ. ಅದನ್ನು ಮೀರಿ ಹಾಡು ಕೇಳಬೇಕೆಂದರೆ ವಾಲ್ಯೂಮ್ ಎಲ್ಲಿಗೆ ಹೋಗಬೇಕು ಎಂಬುದನ್ನು ಯಾರಾದರೂ ಲೆಕ್ಕಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಅಂದರೆ 89 ಡೆಸಿಬೆಲ್‌ಗೆ ಉಳಿಯುವುದು ವಾರಕ್ಕೆ 5 ಗಂಟೆ. ರಾಕ್ ಕೇಳುವವರಿಗೆ ಜೋರು ದನಿಯ ಮೇಲೆ ಪ್ರೀತಿ ಇದ್ದೇ ಇರುತ್ತದೆ, ನನಗೂ ಇದೆ. ಆ ಪ್ರೀತಿ ವಯಸ್ಸಾದ ಮೇಲೂ ಉಳಿಯಬೇಕಾದರೆ ಕಿವಿಯೂ ಉಳಿಯಬೇಕು.

ಬಸ್ಸು, ರೈಲುಗಳಲ್ಲಿ ಮಾತ್ರ ಪ್ರಯಾಣಿಸುವವರಿಗೆ ಎಂ50ಎಕ್ಸ್ ಸಾಕು. ಇದರ ಎದ್ದಿರುವ ಕೆಳಸ್ಥಾಯಿ ಅಲ್ಲಿ ಉಪಕಾರಕ್ಕೇ ಬರುತ್ತದೆ, ಗದ್ದಲ ತಿಂದುಹಾಕಿದ ಬಾಸನ್ನು ಒಂದಷ್ಟು ತುಂಬಿಕೊಡುತ್ತದೆ. ಇದಕ್ಕೆ ಚಾರ್ಜು ಬೇಕಿಲ್ಲ. 38 ಓಮ್ ಪ್ರತಿರೋಧ, 99 ಡೆಸಿಬೆಲ್ ಸಂವೇದನೆ ಇರುವುದರಿಂದ ಸಾಧಾರಣ ಫೋನೇ ಇದನ್ನು ಸಲೀಸಾಗಿ ನುಡಿಸುತ್ತದೆ, ಪ್ರತ್ಯೇಕ ಆಂಪ್ಲಿಫೈಯರ್ ಅನಗತ್ಯ. ಹೆಡ್‌ಫೋನ್ ಜ್ಯಾಕ್ ಇಲ್ಲದ ಫೋನುಗಳಿಗೆ ಟೈಪ್-ಸಿ ಪರಿವರ್ತಕವೊಂದು ಬೇಕಾಗುತ್ತದೆ. ಅದು ಚೀಲದ ತಳದಲ್ಲಿ ಕಳೆದುಹೋಗುವಷ್ಟು ಚಿಕ್ಕದಾದ್ದರಿಂದ ನಾನು ಅದನ್ನು ಕೇಬಲ್ಲಿನ ತುದಿಗೇ ಸದಾ ಸಿಕ್ಕಿಸಿಟ್ಟಿರುತ್ತೇನೆ. ವೈರ್ ಬೇಡವೆನ್ನುವವರಿಗೆ ಇದೇ ವಿನ್ಯಾಸದ ಬ್ಲೂಟೂತ್ ಆವೃತ್ತಿಯೂ ಇದೆ, ಆದರೆ ಅದರಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇಲ್ಲ.

ಬಾಳಿಕೆಯ ವಿಚಾರದಲ್ಲಿ ಇದರ ದೊಡ್ಡ ಗುಣ ಕಳಚಬಹುದಾದ ಕೇಬಲ್. ಪೆಟ್ಟಿಗೆಯಲ್ಲಿ 1.2 ಮೀಟರಿನ ನೇರ ಕೇಬಲ್, 3 ಮೀಟರಿನ ನೇರ ಕೇಬಲ್, ಎಳೆದರೆ 3 ಮೀಟರಾಗುವ ಸುರುಳಿ ಕೇಬಲ್ ಹೀಗೆ ಮೂರು ಬರುತ್ತವೆ. ಪ್ರಯಾಣಕ್ಕೆ ಮೊದಲನೆಯದೊಂದೇ ಸಾಕು. ಹಿಂದೆ ನನ್ನ ಬಳಿಯಿದ್ದ ಬೇರೊಂದು ಕಂಪನಿಯ ಹೆಡ್‌ಫೋನು, ಕೇಬಲ್ ಕಪ್ಪಿನೊಳಗೆ ಸೇರುವ ಜಾಗದಲ್ಲಿ ತಂತಿ ತುಂಡಾಗಿ, ಒಂದು ಕಿವಿ ಮೂಕವಾದ ಮೇಲೆ ಮೂಲೆ ಸೇರಿತು. ಉಳಿದೆಲ್ಲ ಭಾಗವೂ ಚೆನ್ನಾಗಿಯೇ ಇತ್ತು. ಇಲ್ಲಿ ಆ ಭಯವಿಲ್ಲ. ಆದರೆ ಕಪ್ಪಿನ ಕಡೆಯ ಪಿನ್ನು 2.5 ಮಿಲಿಮೀಟರಿನದು, ಒಳಗೆ ತೂರಿಸಿ ತಿರುಗಿಸಿದರೆ ಬಿಗಿಯುವ ಬಗೆಯದು, ಆದ್ದರಿಂದ ಬದಲಿ ಕೇಬಲ್ ಕೊಳ್ಳುವಾಗ ಈ ಮಾದರಿಗೆ ಹೊಂದುವುದನ್ನೇ ಕೇಳಿ ಪಡೆಯಬೇಕು. ಜೊತೆಗೆ ಕೊಡುವ ಚೀಲ ಮೆತ್ತನೆಯದು, ಭಾರದ ಸಾಮಾನಿನ ಅಡಿಗೆ ಸಿಕ್ಕಿದರೆ ಅದು ಕಾಪಾಡಲಾರದು. ಗಟ್ಟಿ ಪೆಟ್ಟಿಗೆಯೊಂದನ್ನು ಬೇರೆಯಾಗಿ ಕೊಳ್ಳುವುದು ಲೇಸು.

ಕೃತಕ ಚರ್ಮದ ಪ್ಯಾಡು ಯಾವ ಕಂಪನಿಯದೇ ಆಗಲಿ, ಬೆವರು ಮತ್ತು ತೇವಕ್ಕೆ ಕಾಲಕ್ರಮದಲ್ಲಿ ಬಿರುಕುಬಿಟ್ಟು ಸಿಪ್ಪೆಯೇಳುತ್ತದೆ. ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸಿಟ್ಟರೆ ಆಯುಷ್ಯ ಹೆಚ್ಚುತ್ತದೆ. ಸಿಪ್ಪೆಯೇಳುವ ಮೊದಲೇ ಒಳಗಿನ ಸ್ಪಂಜು ಕುಗ್ಗಿರುತ್ತದೆ ಎಂಬುದು ಹೆಚ್ಚು ಮುಖ್ಯ: ಬಾಸ್ ಮೊದಲಿನಂತಿಲ್ಲ ಅನ್ನಿಸತೊಡಗಿದರೆ, ಮೇಲೆ ಹೇಳಿದ ಅಂಗೈ ಪರೀಕ್ಷೆ ಮಾಡಿ ನೋಡಿ, ಅಗತ್ಯವಿದ್ದರೆ ಹೊಸ ಪ್ಯಾಡು ಹಾಕಬೇಕು. ಪ್ಯಾಡಿನ ತುಟಿಯನ್ನು ಕಪ್ಪಿನ ಅಂಚಿನ ಸೀಳಿನೊಳಗೆ ಸುತ್ತಲೂ ಕೂರಿಸುತ್ತಾ ಬಂದರೆ ಕೈಯಿಂದಲೇ ಆಗುವ ಕೆಲಸ ಅದು. ಮಾರುಕಟ್ಟೆಯಲ್ಲಿ ಸಿಗುವ ದಪ್ಪ ಪ್ಯಾಡುಗಳು ಕಿವಿಗೆ ಹಿತವಾದರೂ ಡ್ರೈವರನ್ನು ಕಿವಿಯಿಂದ ದೂರ ಸರಿಸುವುದರಿಂದ ದನಿಯ ಹದ ಬದಲಾಗುತ್ತದೆ. ರಂಧ್ರವಿರುವ ಅಥವಾ ಬಟ್ಟೆಯ ಪ್ಯಾಡುಗಳಲ್ಲಿ ಸೆಕೆ ಕಡಿಮೆಯಾಗುವಷ್ಟೇ ಬಾಸೂ ಕಡಿಮೆಯಾಗುತ್ತದೆ. ರಾಕ್‌ಗಾಗಿ ಇದನ್ನು ಕೊಂಡವರು ಕಂಪನಿಯ ಮೂಲ ಪ್ಯಾಡುಗಳನ್ನೇ ಹಾಕಿಸಿಕೊಳ್ಳುವುದು ಉತ್ತಮ.