ಕನ್ವರ್ಟಿಬಲ್ ಕಾರು: ಶಿವಮೊಗ್ಗದಲ್ಲೇ ಮಾರುವುದೋ, ಬೆಂಗಳೂರಿನ ಡೀಲರ್‌ಗೆ ಒಪ್ಪಿಸುವುದೋ?

ಬಿಎಂಡಬ್ಲ್ಯು ಜೆಡ್4ನಂಥ ಎರಡೇ ಆಸನಗಳ, ಛಾವಣಿ ಮಡಚಿ ತೆರೆಯಬಹುದಾದ (ಕನ್ವರ್ಟಿಬಲ್) ಕಾರನ್ನು ಜೋಪಾನವಾಗಿ ಇಟ್ಟುಕೊಂಡಿರುವ ಶಿವಮೊಗ್ಗದವರು ಅದನ್ನು ಸ್ವತಃ ಮಾರಬಹುದು, ಇಲ್ಲವೇ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನ, ಬಳಸಿದ ವಾಹನಗಳ ಅಧಿಕೃತ ಡೀಲರ್‌ಗೆ ಒಪ್ಪಿಸಬಹುದು.

ಸ್ವತಃ ಮಾರಿದರೆ ಡೀಲರ್‌ನ ಲಾಭಾಂಶ ನಿಮ್ಮಲ್ಲೇ ಉಳಿಯುತ್ತದೆ. ಆದರೆ ಶಿವಮೊಗ್ಗ ನೋಂದಣಿಯ ಕೆಎ-14 ಫಲಕ ಕಂಡ ಹೊರಊರಿನವರು ಮೊದಲು ವಿಚಾರಿಸುವುದು ನಮ್ಮ ಮಳೆಯನ್ನೇ, ಮತ್ತು ಆ ಅನುಮಾನ ನಿರಾಧಾರವೂ ಅಲ್ಲ: ಬಟ್ಟೆಯ ಛಾವಣಿಗೆ ಬೂಷ್ಟು ಹಿಡಿಯುತ್ತದೆ, ನೀರು ಹೊರಹೋಗುವ ಸಣ್ಣ ಕೊಳವೆಗಳಲ್ಲಿ ಎಲೆಕಸ ಸಿಕ್ಕಿಕೊಂಡರೆ ನೀರು ನೆಲಹಾಸಿನಡಿ ನಿಂತು ವೈರಿಂಗ್ ಕೆಡುತ್ತದೆ. 2009ರ ಜೆಡ್4ರ ಮಡಚುವ ಛಾವಣಿ ಲೋಹದ್ದು. 2018ರಲ್ಲಿ ಅನಾವರಣಗೊಂಡ ಮಾದರಿಯದು ಬಟ್ಟೆಯದು, ಹಾಗಾಗಿ ಬೂಷ್ಟಿನ ಭಯ ಅದಕ್ಕಿದೆ. ಗ್ರಾಹಕರ ಎದುರೇ ಛಾವಣಿ ತೆರೆದು ಮುಚ್ಚಿ, ಸರ್ವಿಸ್ ದಾಖಲೆ ತೋರಿಸಿ ನಂಬಿಸುವ ಅವಕಾಶ ಮಾಲೀಕರಿಗಷ್ಟೇ ಇರುತ್ತದೆ. ಡೀಲರ್‌ನ ಅಂಗಳದಲ್ಲಿ ಆ ಕಾರು ಹತ್ತರಲ್ಲಿ ಒಂದು.

ಡೀಲರ್ ಕೊಡುವ ಬೆಲೆ ಕಡಿಮೆಯಾದರೂ ಹೊಣೆಯಿಂದ ಬೇಗ ಬಿಡುಗಡೆ ಸಿಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ವಾಹನ ಒಪ್ಪಿಸಿದ್ದನ್ನು ನಮೂನೆ 29ಸಿ ಮೂಲಕ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ ಅಧಿಕೃತ ಡೀಲರನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ನೇರ ಮಾರಾಟದಲ್ಲಾದರೋ, ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30 ಸಲ್ಲಿಸಿ ನೋಂದಣಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ನಿಮ್ಮ ಹೆಗಲ ಮೇಲೆಯೇ.

ದಾಖಲೆಗಳು ಸರಿಯಿದ್ದು ಹಣದ ಅವಸರವಿಲ್ಲದವರು ಸ್ವತಃ ಮಾರುವುದೇ ಲೇಸು, ಅದೂ ದೀಪಾವಳಿಯ ನಂತರ. ಆಷಾಢದ ಜಡಿಮಳೆಯಲ್ಲಿ ಛಾವಣಿ ತೆರೆದು ತೋರಿಸುವುದಾದರೂ ಹೇಗೆ?