ಅನ್ವೇಷಣಾ ಕಲಿಕೆಯ ಕಿಟ್: ಚಿಕ್ಕವರ ಪೆಟ್ಟಿಗೆ ಸೊಗಸು, ದೊಡ್ಡವರದು ಅರೆಬರೆ

ಪೂರ್ವ ಪ್ರಾಥಮಿಕ ಮತ್ತು ಪ್ರಾಥಮಿಕ ತರಗತಿಗಳಿಗೆಂದು ಅನ್ವೇಷಣಾ ಕಲಿಕೆಯ, ಅಂದರೆ ಮಕ್ಕಳು ತಾವೇ ಪ್ರಶ್ನೆ ಕೇಳಿ ಮಾಡಿ ನೋಡಿ ತಿಳಿಯುವ ಕಲಿಕೆಯ ಹೆಸರಿನಲ್ಲಿ ಮಾರಾಟವಾಗುವ ಕಿಟ್‌ಗಳಲ್ಲಿ ಹೆಚ್ಚಿನವು ಬಣ್ಣದ ಡಬ್ಬಿಯಲ್ಲಿಟ್ಟ ಪ್ರಯೋಗಗಳ ಪಟ್ಟಿಗಳಷ್ಟೇ. ಹೇಳಿದ ಕ್ರಮದಲ್ಲಿ ಬೆರೆಸಿದರೆ ನೊರೆ ಉಕ್ಕುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಪಾಠ ಮುಗಿಯುತ್ತದೆ. ನಮ್ಮ ಶಾಲೆ ತರಿಸಿದ, ನಾನು ತರಗತಿಯಲ್ಲಿ ಬಳಸಿ ನೋಡಿದ ಈ ಕಿಟ್ ಆ ಸಾಲಿಗೆ ಸೇರುವುದಿಲ್ಲ. 3ರಿಂದ 6 ವರ್ಷದ ಮಕ್ಕಳಿಗೆ ಒಂದು ಪೆಟ್ಟಿಗೆ, 6ರಿಂದ 11 ವರ್ಷದವರಿಗೆ ಇನ್ನೊಂದು, ಎರಡಕ್ಕೂ ಪ್ರತ್ಯೇಕ ಶಿಕ್ಷಕರ ಕೈಪಿಡಿ, ಚಿತ್ರಕಾರ್ಡುಗಳು, ಜೊತೆಗೆ ತರಬೇತಿಯ ವಿಡಿಯೊಗಳು ಇದರಲ್ಲಿವೆ. ಮಗು ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಏನು ಮಾಡಬೇಕು ಎಂಬುದಕ್ಕೆ ಕಿಟ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದೇ ನನ್ನ ಮಟ್ಟಿಗೆ ಇಂಥ ಸಾಮಗ್ರಿಯ ಅಳತೆಗೋಲು. ಆ ಅಳತೆಯಲ್ಲಿ ಚಿಕ್ಕವರ ಪೆಟ್ಟಿಗೆ ಗೆಲ್ಲುತ್ತದೆ, ದೊಡ್ಡವರದು ಮಕ್ಕಳನ್ನು ಅರ್ಧದಲ್ಲಿ ಕೈಬಿಡುತ್ತದೆ.

ಚಿಕ್ಕವರ ಪೆಟ್ಟಿಗೆಯ ಮೊದಲ ಚಟುವಟಿಕೆ ಮುಳುಗುವ ಮತ್ತು ತೇಲುವ ವಸ್ತುಗಳದ್ದು. ಇದರಲ್ಲಿ ಹೊಸದೇನೂ ಇಲ್ಲ; ಆದರೆ ವಸ್ತುಗಳನ್ನು ಆರಿಸಿರುವ ರೀತಿಯಲ್ಲಿ ಜಾಣತನವಿದೆ. ದಪ್ಪನೆಯ ಮೇಣದಬತ್ತಿ, ಪುಟ್ಟ ಕಬ್ಬಿಣದ ಮೊಳೆ, ಮರದ ತುಂಡು, ಗಾಜಿನ ಗೋಲಿ ಮತ್ತು ಬಣ್ಣದ ಜೇಡಿಮಣ್ಣು. ಭಾರವಾದದ್ದು ಮುಳುಗುತ್ತದೆ ಎಂಬುದು ಈ ವಯಸ್ಸಿನ ಮಕ್ಕಳ ಸಾಮಾನ್ಯ ಊಹೆ. ಕೈಯಲ್ಲಿ ತೂಗಿ ನೋಡಿದಾಗ ಭಾರವೆನಿಸಿದ ಮೇಣದಬತ್ತಿ ತೇಲಿ, ಹಗುರವಾದ ಮೊಳೆ ನೇರವಾಗಿ ತಳ ಸೇರಿದಾಗ ಆ ಊಹೆ ಅಲುಗಾಡುತ್ತದೆ. ಕೈಪಿಡಿ ಇಲ್ಲಿ ಉತ್ತರ ಹೇಳಲು ಆತುರಪಡುವುದಿಲ್ಲ; ಸಾಂದ್ರತೆ ಎಂಬ ಪದವನ್ನು ಎಲ್ಲಿಯೂ ಎತ್ತುವುದಿಲ್ಲ. ಅದರ ಬದಲು, ಮುಳುಗಿದ ಜೇಡಿಮಣ್ಣಿನ ಉಂಡೆಯನ್ನೇ ತೇಲಿಸಲು ಆಗುತ್ತದೆಯೇ ಎಂದು ಮಕ್ಕಳನ್ನು ಕೇಳುವಂತೆ ಸೂಚಿಸುತ್ತದೆ. ನನ್ನ ತರಗತಿಯ ಹುಡುಗಿಯೊಬ್ಬಳು ಉಂಡೆಯನ್ನು ಎರಡು ತುಂಡು ಮಾಡಿದಳು, ಎರಡೂ ಮುಳುಗಿದವು. ಅದನ್ನು ಕಡಲೆಯಷ್ಟು ಚಿಕ್ಕದಾಗಿಸಿ ಹಾಕಿದಳು, ಅದೂ ಮುಳುಗಿತು. ‘ಚಿಕ್ಕದು ಮಾಡಿದ್ರೂ ಮುಳುಗುತ್ತೆ ಮಿಸ್’ ಎಂದು ಆಕೆ ದೂರಿದ ಹಾಗೆ ಹೇಳಿದ್ದು, ಆ ದಿನದ ಅತ್ಯಂತ ಮೌಲ್ಯದ ಮಾತು. ಭಾರವನ್ನು ಕಡಿಮೆ ಮಾಡಿದರೆ ಸಾಲದು ಎಂಬುದನ್ನು ಅವಳು ತಾನೇ ಪರೀಕ್ಷಿಸಿ ತಿಳಿದುಕೊಂಡಿದ್ದಳು. ಪಕ್ಕದ ಹುಡುಗ ಅದೇ ಮಣ್ಣನ್ನು ತಟ್ಟಿ, ಅಂಚನ್ನು ಎತ್ತಿ ನೀರಿಗೆ ಬಿಟ್ಟದ್ದು ಅದರ ಬಳಿಕವೇ.

ತರಬೇತಿಯ ವಿಡಿಯೊಗಳಲ್ಲಿ ಕೆಲವು ಬರೀ ಭಾಷಣ. ಅವುಗಳನ್ನು ದಾಟಿಸಿಕೊಂಡು ಹೋದರೆ ನಷ್ಟವಿಲ್ಲ. ಆದರೆ ಕಾಯುವ ಸಮಯದ ಕುರಿತ ವಿಡಿಯೊವನ್ನು ಪ್ರತಿಯೊಬ್ಬ ಶಿಕ್ಷಕರೂ ನೋಡಬೇಕು. ಪ್ರಶ್ನೆ ಕೇಳಿದ ನಂತರ ಶಿಕ್ಷಕರು ಸರಾಸರಿ 1 ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ವಿಸ್ತರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಮಕ್ಕಳೇ ಕೇಳುವ ಪ್ರಶ್ನೆಗಳೂ ಹೆಚ್ಚುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ಪ್ರಾಥಮಿಕ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿ ತೋರಿಸಿದ್ದರು. ವಿಡಿಯೊ ಈ ಮಾತನ್ನು ಹೇಳಿ ಸುಮ್ಮನಾಗುವುದಿಲ್ಲ. ಒಂದೇ ಪಾಠವನ್ನು ಕಾಯದೆ ಒಮ್ಮೆ, ಕಾದು ಇನ್ನೊಮ್ಮೆ ನಡೆಸಿ ತೋರಿಸುತ್ತದೆ. ಎರಡನೆಯ ಸಲ ಹಿಂದಿನ ಸಾಲಿನಿಂದ ಕೈ ಏಳುವುದನ್ನು ಕಂಡಾಗ ಬೇರೆ ವಿವರಣೆ ಬೇಕಾಗುವುದಿಲ್ಲ.

ದಾಖಲೆ ಪುಸ್ತಕದ ವಿಷಯದಲ್ಲಿ ನನಗೆ ಅರ್ಧ ಸಮಾಧಾನ. ಎರಡನೆಯ ಮಹಾಯುದ್ಧದ ನಂತರ ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ಶಿಕ್ಷಣತಜ್ಞ ಲೋರಿಸ್ ಮಲಗುಜಿಯವರ ಮಾರ್ಗದರ್ಶನದಲ್ಲಿ ಬೆಳೆದ ಶಿಶುಶಾಲೆಗಳು ಮಕ್ಕಳ ಮಾತು, ಚಿತ್ರ ಮತ್ತು ಕೆಲಸವನ್ನು ದಾಖಲಿಸಿ, ಅದರ ಆಧಾರದ ಮೇಲೆ ಮರುದಿನದ ಕೆಲಸವನ್ನು ಯೋಜಿಸುವ ಪದ್ಧತಿಗೆ ಹೆಸರಾಗಿವೆ. ಕಿಟ್‌ನ ಪುಸ್ತಕವೂ ಅದೇ ದಾರಿಯದ್ದು: ಎಡಪುಟದಲ್ಲಿ ಮಗು ಹೇಳಿದ ಮಾತು ಇದ್ದದ್ದು ಇದ್ದ ಹಾಗೆ, ಬಲಪುಟದಲ್ಲಿ ನಾಳೆ ಏನು ಮುಂದಿಡಬಹುದು ಎಂಬ ಟಿಪ್ಪಣಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಫೋಟೊ ತೆಗೆದು ಪೋಷಕರಿಗೆ ಕಳುಹಿಸುವ ಆ್ಯಪ್ ಒಂದನ್ನು ಇದಕ್ಕೆ ಜೋಡಿಸಿರುವುದರಿಂದ, ಮಗುವಿನ ಮಾತು ಕೇಳಬೇಕಾದ ಹೊತ್ತಿನಲ್ಲಿ ಶಿಕ್ಷಕರ ಕಣ್ಣು ಮೊಬೈಲ್ ಮೇಲಿರುತ್ತದೆ. ನಾನು ಆ್ಯಪ್ ಬಿಟ್ಟು ಪುಸ್ತಕವನ್ನಷ್ಟೇ ಉಳಿಸಿಕೊಂಡಿದ್ದೇನೆ.

ದೊಡ್ಡವರ ಪೆಟ್ಟಿಗೆಯ ಕಥೆ ಬೇರೆ. ಅದರ ಮುಖ್ಯ ಚಟುವಟಿಕೆ ಇಳಿಜಾರು ಹಲಗೆಗಳದ್ದು: ಎರಡು ಹಲಗೆ, ಎತ್ತರ ಬದಲಿಸುವ ಕಂಬಗಳು, ಒರಟು ಮತ್ತು ನುಣುಪು ಹಾಸುಗಳು, ಎರಡು ಬಗೆಯ ಚೆಂಡುಗಳು. ಚೆಂಡು ದೂರ ಉರುಳಲು ಏನು ಕಾರಣವೆಂದು ಮಕ್ಕಳು ಕಂಡುಹಿಡಿಯಬೇಕು. ಕೈಪಿಡಿಯಲ್ಲಿರುವ ಸೂಚನೆ ಒಂದೇ ಸಾಲಿನದು: ಮಕ್ಕಳು ತಾವಾಗಿಯೇ ಅನ್ವೇಷಿಸಲಿ. ತರಗತಿಯಲ್ಲಿ ಆಗುವುದೇನೆಂದರೆ, ಒಂದು ಗುಂಪು ಎತ್ತರದ ಹಲಗೆಗೆ ನುಣುಪು ಹಾಸು ಹಾಕಿ ರಬ್ಬರ್ ಚೆಂಡು ಬಿಡುತ್ತದೆ, ತಗ್ಗಿನ ಹಲಗೆಗೆ ಒರಟು ಹಾಸು ಹಾಕಿ ಇನ್ನೊಂದು ಚೆಂಡು ಬಿಡುತ್ತದೆ, ಕೊನೆಗೆ ರಬ್ಬರ್ ಚೆಂಡೇ ಶ್ರೇಷ್ಠವೆಂದು ತೀರ್ಮಾನಿಸುತ್ತದೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಡಬೇಕೆಂಬ ನ್ಯಾಯಬದ್ಧ ಪರೀಕ್ಷೆಯ ನಿಯಮ ಈ ವಯಸ್ಸಿನ ಹೆಚ್ಚಿನ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ. ಡೇವಿಡ್ ಕ್ಲಾರ್ ಮತ್ತು ಮಿಲೆನಾ ನಿಗಮ್ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನ 3 ಮತ್ತು 4ನೇ ತರಗತಿಯ ಮಕ್ಕಳ ಮೇಲೆ, ಇಂಥದೇ ಇಳಿಜಾರುಗಳನ್ನು ಬಳಸಿ ನಡೆದದ್ದು. ನಿಯಮವನ್ನು ಉದಾಹರಣೆಸಹಿತ ವಿವರಿಸಿದ ಗುಂಪಿನಲ್ಲಿ ಬಹುಪಾಲು ಮಕ್ಕಳು ಅದನ್ನು ಕರಗತ ಮಾಡಿಕೊಂಡರು. ತಾವೇ ಹುಡುಕಲೆಂದು ಬಿಟ್ಟ ಗುಂಪಿನಲ್ಲಿ ಆ ಮಟ್ಟ ತಲುಪಿದವರು ಕೆಲವರೇ. ಹಾಗೆ ತಾವೇ ಕಂಡುಕೊಂಡ ಆ ಕೆಲವರು ಮುಂದಿನ ಕೆಲಸದಲ್ಲಿ ಹೇಳಿಸಿಕೊಂಡು ಕಲಿತವರಷ್ಟೇ ಚೆನ್ನಾಗಿ ಮಾಡಿದರು ಎಂಬುದನ್ನೂ ಹೇಳಬೇಕು.

ಅನ್ವೇಷಣಾ ಕಲಿಕೆಯೇ ಪೊಳ್ಳು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಕನಿಷ್ಠ ಮಾರ್ಗದರ್ಶನದ ಬೋಧನೆ ಫಲ ಕೊಡುವುದಿಲ್ಲವೆಂದು ಸಂಶೋಧಕರಾದ ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ವಾದಿಸಿದಾಗ, ಒಳ್ಳೆಯ ಅನ್ವೇಷಣಾ ತರಗತಿಯಲ್ಲಿ ಮಾರ್ಗದರ್ಶನ ಧಾರಾಳವಾಗಿಯೇ ಇರುತ್ತದೆ ಎಂದು ಹ್ಮೆಲೊ-ಸಿಲ್ವರ್ ಮತ್ತು ಸಂಗಡಿಗರು ಮರುವರ್ಷ ಉತ್ತರ ಕೊಟ್ಟರು. ಅಲ್ಫಿಯೇರಿ ಮತ್ತು ಸಹೋದ್ಯೋಗಿಗಳು 2011ರಲ್ಲಿ 164 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ನೆರವಿಲ್ಲದ ಅನ್ವೇಷಣೆ ಹಿಂದೆ ಬಿದ್ದಿತು, ನೆರವಿನೊಂದಿಗೆ ನಡೆದದ್ದು ಮುಂದೆ ಬಂದಿತು. ಈ ಕಿಟ್ ತಯಾರಿಸಿದವರಿಗೆ ಇದು ಗೊತ್ತಿಲ್ಲವೆಂದಲ್ಲ. ಬಾಂಚಿ ಮತ್ತು ಬೆಲ್ 2008ರಲ್ಲಿ ವಿವರಿಸಿದ 4 ಹಂತಗಳನ್ನು, ಅಂದರೆ ಗೊತ್ತಿರುವುದನ್ನು ಖಚಿತಪಡಿಸಿಕೊಳ್ಳುವುದರಿಂದ ಹಿಡಿದು ಪ್ರಶ್ನೆಯೂ ವಿಧಾನವೂ ಮಗುವಿನದೇ ಆಗಿರುವ ಮುಕ್ತ ಅನ್ವೇಷಣೆಯವರೆಗಿನ ಮೆಟ್ಟಿಲುಗಳನ್ನು, ಕೈಪಿಡಿಯ ಮುನ್ನುಡಿಯೇ ಅಚ್ಚುಕಟ್ಟಾಗಿ ಪರಿಚಯಿಸುತ್ತದೆ. ಚಟುವಟಿಕೆಗಳು ಮಾತ್ರ ಆ ಮೆಟ್ಟಿಲುಗಳನ್ನು ಹತ್ತದೆ ನೇರವಾಗಿ ಮೇಲಿನದಕ್ಕೆ ಹಾರುತ್ತವೆ.

ಬೀಜದ ಕಾರ್ಡಿನಲ್ಲಿ ತಪ್ಪೇ ಇದೆ. ಬೀಜ ಮೊಳೆಯಲು ನೀರು, ಗಾಳಿ ಮತ್ತು ಬೆಳಕು ಬೇಕು ಎಂದು ಅದರ ಹಿಂಬದಿಯಲ್ಲಿ ಅಚ್ಚಾಗಿದೆ. ಕಿಟ್‌ನಲ್ಲಿ ಕೊಟ್ಟಿರುವ ಬೀನ್ಸ್ ಬೀಜಗಳಿಗೆ ಮೊಳೆಯಲು ಬೆಳಕು ಬೇಕಿಲ್ಲ. ಕಪ್ಪು ಡಬ್ಬಿಯಲ್ಲಿ ಮುಚ್ಚಿಟ್ಟ ಬೀಜಗಳು ಮೊಳೆತದ್ದಲ್ಲದೆ ಬೆಳಕಿನಲ್ಲಿದ್ದವಕ್ಕಿಂತ ಉದ್ದಕ್ಕೆ, ಬಿಳಿಚಿ ಹಳದಿಯಾಗಿ ಬೆಳೆದವು. ‘ಕಾರ್ಡು ತಪ್ಪೋ ಡಬ್ಬಿ ತಪ್ಪೋ’ ಎಂದು ಒಬ್ಬ ಹುಡುಗ ಕೇಳಿದ. ಉದ್ದ ಬೆಳೆದದ್ದು ಆರೋಗ್ಯವಂತ ಗಿಡವೇ ಎಂದು ಇನ್ನೊಬ್ಬಳು ಕೇಳಿದಳು. ಕಿಟ್ ಕೊಟ್ಟ ಚಟುವಟಿಕೆಗಿಂತ ಅದರ ತಪ್ಪು ಹುಟ್ಟಿಸಿದ ಅನ್ವೇಷಣೆಯೇ ಚೆನ್ನಾಗಿತ್ತು; ಆದರೆ ಆ ಪುಣ್ಯವನ್ನು ತಯಾರಕರ ಲೆಕ್ಕಕ್ಕೆ ಬರೆಯಲಾಗದು.

ದೊಡ್ಡವರ ಪೆಟ್ಟಿಗೆಯಲ್ಲಿ ನಾನು ನಿಸ್ಸಂಕೋಚವಾಗಿ ಮೆಚ್ಚುವುದು ಪ್ರಶ್ನೆಗಳನ್ನು ವಿಂಗಡಿಸುವ ಫಲಕ. ಮಕ್ಕಳು ಚೀಟಿಯಲ್ಲಿ ಬರೆದ ಪ್ರಶ್ನೆಗಳನ್ನು ಮಾಡಿ ನೋಡಬಹುದಾದವು, ಓದಿ ತಿಳಿಯಬೇಕಾದವು, ಬಲ್ಲವರನ್ನು ಕೇಳಬೇಕಾದವು ಎಂದು ಅವರೇ ಮೂರು ಪಾಲು ಮಾಡುತ್ತಾರೆ. ಚಂದ್ರ ಏಕೆ ಬೀಳುವುದಿಲ್ಲ ಎಂಬುದನ್ನು ಮೇಜಿನ ಮೇಲೆ ಪರೀಕ್ಷಿಸಲಾಗದು, ಒದ್ದೆ ಬಟ್ಟೆ ಎಲ್ಲಿ ಬೇಗ ಒಣಗುತ್ತದೆ ಎಂಬುದನ್ನು ಪರೀಕ್ಷಿಸಬಹುದು ಎಂದು ಮಕ್ಕಳೇ ತಮ್ಮತಮ್ಮಲ್ಲಿ ವಾದಿಸುವುದನ್ನು ಕೇಳುವುದೇ ಒಂದು ಸುಖ.

ಎರಡು ಪೆಟ್ಟಿಗೆಗಳನ್ನೂ ಬೇರೆ ಬೇರೆಯಾಗಿ ಕೊಳ್ಳಲು ಅವಕಾಶವಿದೆ. ಚಿಕ್ಕವರದನ್ನು ಯಾವ ಶಾಲೆಯಾದರೂ ಧೈರ್ಯವಾಗಿ ತರಿಸಬಹುದು. ದೊಡ್ಡವರದನ್ನು ತರಿಸುವವರು ಇಳಿಜಾರಿನ ಪಾಠಕ್ಕೆ ಮುನ್ನ ನ್ಯಾಯಬದ್ಧ ಪರೀಕ್ಷೆಯನ್ನು ಒಂದು ತರಗತಿಯಲ್ಲಿ ನೇರವಾಗಿ ಕಲಿಸಿ, ಆಮೇಲೆ ಹಲಗೆಗಳನ್ನು ಮಕ್ಕಳ ಕೈಗೆ ಕೊಡುವುದು ಲೇಸು. ಬೀಜದ ಕಾರ್ಡಿನ ಹಿಂಬದಿಗೆ ಕಾಗದ ಅಂಟಿಸಿಬಿಡಿ. ಹಲಗೆಗಳು ಗಟ್ಟಿಮುಟ್ಟಾಗಿವೆ, ಕೈಲೆನ್ಸುಗಳ ಪ್ಲಾಸ್ಟಿಕ್ ಮಾತ್ರ ಬೇಗ ಗೀರುಬೀಳುತ್ತದೆ. ಬಿಡಿಭಾಗ ಕೇಳಿದರೆ ಕಳುಹಿಸುತ್ತಾರಾದರೂ ತಡವಾಗುವುದರಿಂದ ಮೊದಲೇ ಕೆಲವನ್ನು ಹೆಚ್ಚಿಗೆ ತರಿಸಿಟ್ಟುಕೊಳ್ಳುವುದು ಒಳ್ಳೆಯದು.